ಹವಳದ ತೊಟ್ಟಿ ಮತ್ತು ನಾನು ಆರಿಸಿದ ಸ್ವಿಚ್ಚು

ಬೆಂಗಳೂರಿನ ಮಗನ ಮನೆಯಲ್ಲಿ 200 ಲೀಟರಿನ ಗಾಜಿನ ತೊಟ್ಟಿಯೊಂದಿದೆ. ಉಪ್ಪುನೀರು, ಮೆದುಹವಳದ ಕೆಲವು ಗೊಂಚಲು, ನಾಲ್ಕು ಮೀನು. ಕಳೆದ ಸಲ ಬಿಕ್ಕೋಡಿನಿಂದ ಹೋಗಿದ್ದಾಗ ಅದರ ಪಂಪುಗಳ ಸದ್ದಿಗೆ ನನಗೆ ನಿದ್ರೆ ಬರಲಿಲ್ಲ. ದೀಪ ತಾನಾಗಿಯೇ ಆರಿತ್ತು. ಕತ್ತಲಲ್ಲಿ ನೀರನ್ನೇಕೆ ಕದಡಬೇಕು, ಕರೆಂಟಾದರೂ ಉಳಿಯಲಿ ಎಂದು ಸ್ವಿಚ್ಚು ಆರಿಸಿ ಮಲಗಿದೆ. ಬೆಳಿಗ್ಗೆ ಎರಡು ಮೀನು ಸತ್ತು ತೇಲುತ್ತಿದ್ದವು. ಮಗ ಏನೂ ಅನ್ನಲಿಲ್ಲ. ಅನ್ನದಿದ್ದುದೇ ಹೆಚ್ಚು ನೋಯಿಸಿತು.

ಮೂರು ದಶಕ ಜೀವಶಾಸ್ತ್ರ ಬೋಧಿಸಿದವನು ನಾನು. ಕತ್ತಲಲ್ಲಿ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ ಎಂದು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿಲ್ಲ! ಇಂಥ ಹವಳಗಳ ಅಂಗಾಂಶದೊಳಗೆ ಏಕಕೋಶ ಪಾಚಿಗಳು ವಾಸಿಸುತ್ತವೆ. ಹಗಲು ಅವು ಬೆಳಕಿನಿಂದ ಆಹಾರ ತಯಾರಿಸಿ ಆಶ್ರಯವಿತ್ತ ಹವಳಕ್ಕೂ ಪಾಲು ಕೊಡುತ್ತವೆ, ಆಮ್ಲಜನಕವನ್ನೂ ಬಿಡುತ್ತವೆ. ರಾತ್ರಿಯಾದರೆ ಹವಳ, ಪಾಚಿ, ಮೀನು, ಬ್ಯಾಕ್ಟೀರಿಯ ಎಲ್ಲವೂ ಆಮ್ಲಜನಕವನ್ನು ಬಳಸುವವೇ. ಬೆಚ್ಚನೆಯ ಉಪ್ಪುನೀರು ಅದನ್ನು ಸಿಹಿನೀರಿಗಿಂತ ಕಡಿಮೆ ಹಿಡಿದಿಡುತ್ತದೆ. ಮೇಲ್ಮೈ ಕದಡಿದಾಗಲೇ ಗಾಳಿಯ ಆಮ್ಲಜನಕ ಬೇಗ ಒಳಸೇರುವುದು. ಎಂದರೆ ಪಂಪಿನ ಅಗತ್ಯ ಇರುಳಿನಲ್ಲೇ ಹೆಚ್ಚು. ಪಾಚಿಗಟ್ಟಿದ ಕೆರೆಯಲ್ಲಿ ಬೇಸಿಗೆಯ ನಸುಕಿಗೆ ಮೀನುಗಳು ಬಾಯಿ ಮೇಲೆತ್ತಿ ಒದ್ದಾಡುವುದನ್ನು ಬಾಲ್ಯದಿಂದ ಕಂಡಿದ್ದೆ. ಗಾಜಿನ ಮುಂದೆ ನಿಂತಾಗ ಅದು ನೆನಪಾಗಲಿಲ್ಲ.

ನೀರು ಚಲಿಸಿದರೆ ಮಾತ್ರ ಕದಲಲಾರದ ಹವಳಕ್ಕೆ ಆಹಾರ ಬಂದು ತಲುಪುತ್ತದೆ, ಕಶ್ಮಲ ಕೊಚ್ಚಿ ಹೋಗುತ್ತದೆ. ಒಂದೇ ಕಡೆಯಿಂದ ರಭಸದ ಧಾರೆ ಬಿಟ್ಟರೆ ಅಂಗಾಂಶವೇ ಹರಿದೀತು. ಅಲೆಯಂತೆ ಬಂದು ಹೋಗಬೇಕು. ದೀಪದ ಮರ್ಮವನ್ನು ನಮ್ಮ ಕಾಫಿ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಮರಗಸಿ ಅತಿಯಾದರೆ ಗಿಡ ಸುಡುತ್ತದೆ, ಆಗದಿದ್ದರೆ ಫಸಲಿಲ್ಲ. ಹೊಸ ಎಲ್‌ಇಡಿ ದೀಪವನ್ನು ಮೊದಲ ದಿನವೇ ಪೂರ್ತಿ ಉರಿಸಿದರೆ ಹವಳ ತನ್ನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳಬಹುದು. ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ನೀಲಿ ಬಣ್ಣವೂ ಬರಿಯ ಶೃಂಗಾರವಲ್ಲ. ಸಮುದ್ರದಲ್ಲಿ ಕೆಂಪು ಬೆಳಕು ಮೇಲೆಯೇ ಹೀರಿಹೋಗುತ್ತದೆ, ಆಳಕ್ಕಿಳಿಯುವುದು ನೀಲಿ.

ಇದು ಶ್ರೀಮಂತರ ಶೋಕಿ ಎಂದು ಬೈಯುವುದು ಸುಲಭ. ನಾನು ಬೈಯಲಾರೆ, ಆ ತೊಟ್ಟಿಯ ಮುಂದೆ ಮೊಮ್ಮಗಳು ಕೇಳುವ ಪ್ರಶ್ನೆಗಳನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಆದರೆ ಕರೆಂಟು ಹೋದಾಗಲೂ ಪಂಪು ನಡೆಸುವ ಏರ್ಪಾಡಿಲ್ಲದವರು ಇದಕ್ಕೆ ಕೈಹಾಕಬಾರದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ನಮ್ಮ ಸೀಮೆಗೆ ಸಿಹಿನೀರಿನ ಮೀನೇ ಸಾಕು. ಅಂಗಡಿಯವರು ಮೀನನ್ನು ಮೊದಲು ತೋರಿಸಿ, ಈ ಮಾತನ್ನು ಕೊನೆಗೆ ಹೇಳುತ್ತಾರೆ. ಕೆಲವರು ಹೇಳುವುದೇ ಇಲ್ಲ. ಇನ್ನೊಂದು ವಿಷಯ. ದಿಬ್ಬ ಕಟ್ಟುವ ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಮುರುಡೇಶ್ವರದಾಚೆಯ ನೇತ್ರಾಣಿಯ ಹವಳ ನೇತ್ರಾಣಿಯಲ್ಲೇ ಇರಬೇಕು.

ಮಗನಿಗೆ ಬ್ಯಾಟರಿಯ ಗಾಳಿಪಂಪೊಂದನ್ನು ಕೊಡಿಸಿ ಊರಿಗೆ ಬಂದೆ. ಆ ಸ್ವಿಚ್ಚಿನ ಮೇಲೆ ಈಗ ಮೊಮ್ಮಗಳ ಚೀಟಿಯಿದೆ: "ತಾತ, ಮುಟ್ಟಬೇಡ."