ಕೈಯದಲ್ಲ, ಬುಷ್ಷಿನದು

ಗೇರು ಸರಿಯಾಗಿ ಬೀಳದಿದ್ದರೆ, ಗಂಡಸು ತಂದ ಗಾಡಿಯಲ್ಲಿ ಅದು ಗಾಡಿಯ ದೋಷ; ಹೆಂಗಸು ತಂದ ಗಾಡಿಯಲ್ಲಿ ಕೈಯ ದೋಷ. ಗ್ಯಾರೇಜುಗಳಲ್ಲಿ ನಡೆದುಬಂದಿರುವ ಈ ಶಾಸ್ತ್ರದ ಮೇಲೆ ನನ್ನದೊಂದು ತಕರಾರಿದೆ.

ನಮ್ಮದು ಹಳೆಯ ಹೋಂಡಾ ಸಿಟಿ ವಿಟೆಕ್. ಒಂದೂವರೆ ಲೀಟರಿನ ಎಂಜಿನ್ನು, 106 ಅಶ್ವಶಕ್ತಿ. 2003ರಲ್ಲಿ ಹೊಸ ಸಿಟಿ ಬಂದು ಈ ಮಾದರಿ ನಿಂತುಹೋಯಿತಾದರೂ, ಓಡಿಸುವ ಹುಚ್ಚಿರುವವರು ಇವತ್ತಿಗೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಇಪ್ಪತ್ತು ವರ್ಷ ದಾಟಿದ ಗಾಡಿ, ರಬ್ಬರಿಗೂ ಆಯುಸ್ಸು ಅಂತ ಒಂದಿರುತ್ತದೆ. ಲಿವರು ಪಾಯಸದ ಪಾತ್ರೆಯಲ್ಲಿಟ್ಟ ಸೌಟಿನ ಹಾಗೆ ಅತ್ತಿತ್ತ ವಾಲತೊಡಗಿತು. ಗ್ಯಾರೇಜಿನ ಮಹಾಶಯರು ಗಾಡಿಯ ಕೆಳಗೆ ಬಗ್ಗಿ ಕೂಡ ನೋಡಲಿಲ್ಲ. "ಮೇಡಂ, ನೀವು ಕ್ಲಚ್ ಪೂರ್ತಿ ಒತ್ತಲ್ಲ. ಆಟೋಮ್ಯಾಟಿಕ್ ತಗೊಂಡ್ಬಿಡಿ, ಲೇಡೀಸ್‌ಗೆ ಅದೇ ಸರಿ" ಅಂದರು. ಮರುವಾರ ನನ್ನ ತಮ್ಮ ಅದೇ ಗಾಡಿ ಒಯ್ದರೆ, "ಲಿಂಕೇಜ್ ಹೋಗಿದೆ ಸಾರ್" ಅಂದರಂತೆ!

ಲಿಂಕೇಜ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಇಂಥ ಕಾರುಗಳಲ್ಲಿ ಗೇರ್ ಬಾಕ್ಸು ಇರುವುದು ಮುಂದೆ, ಬಾನೆಟ್ಟಿನ ಕೆಳಗೆ. ಲಿವರು ಇರುವುದು ನಮ್ಮ ಪಕ್ಕದಲ್ಲಿ. ನೆಲದಡಿ ಎರಡು ರಾಡುಗಳು ಇವೆರಡನ್ನೂ ಕೂಡಿಸುತ್ತವೆ. ಒಂದು, ಕೈ ಹೇಳಿದ ಮಾತನ್ನು ತಿರುಗಿ, ಸರಿದು ಗೇರ್ ಬಾಕ್ಸಿಗೆ ಮುಟ್ಟಿಸುತ್ತದೆ. ಇನ್ನೊಂದು, ಎಂಜಿನ್ನು ಅಲುಗಾಡಿದರೂ ಲಿವರಿನ ಬುಡ ಅದರೊಡನೆ ಹೊಂದಿಕೊಂಡಿರುವಂತೆ ಹಿಡಿದಿಡುತ್ತದೆ. ಕೀಲುಕೀಲಿಗೂ ಬುಷ್ಷು, ಲಿವರಿನ ಗುಂಡಿಗೆ ನೈಲಾನಿನ ಬಟ್ಟಲು. ರಸ್ತೆಯ ನೀರು, ಧೂಳು, ಎಂಜಿನ್ನಿನ ಕಾವು, ಒಸರಿದ ಎಣ್ಣೆ ಎಲ್ಲವೂ ಇವುಗಳ ಪಾಲಿಗೆ. ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸವೆದರೆ ಸಾಕು, ಮೇಲೆ ಹಿಡಿಯ ಹತ್ತಿರ ಅದೇ ಎರಡು ಬೆರಳಗಲ ಆಗುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು ಲಿವರನ್ನು ಅಲ್ಲಾಡಿಸಿ. ಗುಂಡಿಯಲ್ಲಿ ನಿಂತವರು ನೋಡಲಿ: ಯಾವ ಕೀಲಿನ ಈಚೆ ಅಲುಗಾಟವಿದ್ದು ಆಚೆ ಇಲ್ಲವೋ ಅಲ್ಲೇ ರೋಗ. ಲಿವರು ಬಿಗಿಯಾಗಿದ್ದೂ ಗೇರು ಕರಕರ ಎಂದರೆ ಮಾತು ಬೇರೆ, ಆಗ ಕ್ಲಚ್ಚನ್ನೋ ಸಿಂಕ್ರೊನೈಸರನ್ನೋ ಅನುಮಾನಿಸಬೇಕು. ಆಕ್ಸಿಲರೇಟರ್ ಒತ್ತಿ ಬಿಟ್ಟಾಗೆಲ್ಲ ಲಿವರು ಹಿಂದೆಮುಂದೆ ಜಿಗಿದರೆ ಎಂಜಿನ್ ಮೌಂಟ್ ನೋಡಿಸಿ. ಇಷ್ಟಕ್ಕೆ ಮೀಸೆ ಬೇಕೇ, ನೀವೇ ಹೇಳಿ.

ಇದು ಬರೀ ಕಿರಿಕಿರಿಯ ವಿಷಯವೂ ಅಲ್ಲ. ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲು ಮೂರರಲ್ಲಿ ಪೂರ್ತಿ ಎಳೆದು ನಾಲ್ಕಕ್ಕೆ ಹಾಕುವಾಗ, ಸಡಿಲ ಲಿವರು ಎಡಕ್ಕೆ ವಾಲಿ ಎರಡಕ್ಕೆ ಬಿತ್ತೆನ್ನಿ. ಆಗ ಎಂಜಿನ್ನನ್ನು ತಿರುಗಿಸುವುದು ಪೆಟ್ರೋಲಲ್ಲ, ಚಕ್ರಗಳು. ವೇಗಮಿತಿ ಕಾಯುವ ಸಾಧನ ಪೆಟ್ರೋಲನ್ನು ಕಡಿಯಬಲ್ಲದು, ಚಕ್ರವನ್ನು ಹಿಡಿಯಲಾರದು. ವಾಲ್ವುಗಳು ಬಗ್ಗಬಹುದು, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿ ಗಾಡಿಯೇ ಕೈತಪ್ಪಬಹುದು. ಇಂಥದಕ್ಕೆ "ನಿಮ್ಮ ಕೈ ಸರಿಯಿಲ್ಲ" ಎಂದು ಕಳಿಸುವುದು ಹಾಸ್ಯವಲ್ಲ, ಹೊಣೆಗೇಡಿತನ.

ಇನ್ನು ನಮ್ಮ ಹುಡುಗರ ಚಿಕಿತ್ಸೆ: "ಶಾರ್ಟ್ ಶಿಫ್ಟರ್ ಹಾಕ್ಸಿ ಆಂಟಿ!" ಅದು ಲಿವರಿನ ಓಟವನ್ನು ಮೊಟಕು ಮಾಡುತ್ತದೆ, ನಿಜ. ಕೆಳಗೆ ಸವೆದ ಬುಷ್ಷು ಸವೆದೇ ಇರುತ್ತದೆ, ಕೈಗೆ ಬಲ ಮಾತ್ರ ಹೆಚ್ಚು ಬೇಕು. ಸೀರೆ ಹರಿದಿದೆ ಎಂದರೆ ಹೊಸ ಫಾಲ್ಸ್ ಹಚ್ಚಿಕೊಟ್ಟಂತೆ.

ನಾನು ಬುಷ್ಷುಗಳನ್ನೇ ಬದಲಾಯಿಸಿದೆ. ಅವುಗಳ ಬೆಲೆ ಒಂದು ಸಾದಾ ಕಾಟನ್ ಸೀರೆಯಷ್ಟೂ ಆಗಲಿಲ್ಲ. ಲೇತ್‌ನವನು ಹಿತ್ತಾಳೆಯಲ್ಲಿ ಕಡೆದುಕೊಡುತ್ತೇನೆ ಎಂದ, ಬೇಡವೆಂದೆ. ಹಿತ್ತಾಳೆ ಸವೆಯುವುದು ನಿಧಾನ, ಲಿವರೂ ಬಿಗಿಯಾಗಿ ಕೂರುತ್ತದೆ. ಆದರೆ ಎಂಜಿನ್ನಿನ ಗುಂಯ್‌ಗುಡುವಿಕೆಯೆಲ್ಲ ಅಂಗೈಗೆ ಬರುತ್ತದೆ. ಓಟದ ಸ್ಪರ್ಧೆಗೆ ಅದು ಸರಿ, ದಿನಾ ಓಡಿಸುವವರಿಗೆ ರಬ್ಬರೇ ಹಿತ.

ಆಟೋಮ್ಯಾಟಿಕ್ ಮೇಲೆ ನನಗೆ ಹಗೆಯಿಲ್ಲ. ಮಂಡಿ ನೋವಿರುವವರು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೇಯುವವರು ಧಾರಾಳವಾಗಿ ಕೊಳ್ಳಲಿ. ಆದರೆ ಗ್ಯಾರೇಜಿಗೆ ಹೋದಾಗ ತೆಗೆದ ಹಳೆಯ ಬುಷ್ಷನ್ನು ಕೇಳಿ ಕೈಗೆ ತೆಗೆದುಕೊಳ್ಳಿ. ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.