ತಲಪಾಡಿಯಲ್ಲಿ ಹೋದ ರೋಮಿಂಗ್ ದುಬೈಯಲ್ಲಿ ಯಾಕೆ ಉಳಿದಿದೆ?

ತೊಕ್ಕೊಟ್ಟಿನಿಂದ ಮಂಜೇಶ್ವರಕ್ಕೆ ಮದುವೆಗೆ ಹೊರಟರೆ, ತಲಪಾಡಿ ಬರುವ ಮೊದಲೇ ಬಸ್ಸಿನಲ್ಲಿ ಫೋನ್ ಆಫ್ ಮಾಡುವವರು ಒಂದು ಕಾಲದಲ್ಲಿ ಇದ್ದರು. ಗಡಿ ದಾಟಿದರೆ ರೋಮಿಂಗ್. ಬೇರೆಯವರು ಕರೆ ಮಾಡಿದರೂ ನಮ್ಮ ದುಡ್ಡೇ ಹೋಗುತ್ತಿತ್ತು. ಟ್ರಾಯ್ 2013ರಲ್ಲಿ, ಮತ್ತೆ 2015ರಲ್ಲಿ ಈ ದರಗಳ ಮಿತಿ ಇಳಿಸಿತು. 2016ರಲ್ಲಿ ಜಿಯೋ ಬಂದು ದೇಶದೊಳಗೆ ರೋಮಿಂಗ್ ಶುಲ್ಕವೇ ಇಲ್ಲ ಎಂದಿತು. ಮರುವರ್ಷ ಉಳಿದ ದೊಡ್ಡ ಕಂಪೆನಿಗಳೂ ಅದನ್ನು ಕೈಬಿಟ್ಟವು. ತಲಪಾಡಿಯ ರಸ್ತೆ ಅದೇ, ದೂರ ಅಷ್ಟೇ. ಬದಲಾದದ್ದು ನಿಯಮ ಮತ್ತು ಪೈಪೋಟಿ.

ಬಜ್ಪೆಯಲ್ಲಿ ವಿಮಾನ ಹತ್ತುವವರಿಗೆ ಮಾತ್ರ ಆ ಹಳೆಯ ಕಾಲ ಇನ್ನೂ ಮುಗಿದಿಲ್ಲ. ನನ್ನ ಪರಿಚಯದ ಒಬ್ಬರು ಉಮ್ಮ ದುಬೈಯಲ್ಲಿರುವ ಮಗನ ಮನೆಗೆ ಹೋಗಿದ್ದರು. ಊರಿನಿಂದ ದಿನಾ ಕರೆ. ಮುಟ್ಟಿದಿರಾ, ಮೊಮ್ಮಗು ಹೇಗಿದೆ ಎಂದು. ಸಿಮ್ ಪೋಸ್ಟ್‌ಪೇಯ್ಡ್. ಬಿಲ್ಲು ಬಂದಾಗ ಮನೆಯವರೆಲ್ಲ ಗಾಬರಿ. “ನಾನು ಯಾರಿಗೂ ಫೋನ್ ಮಾಡಲೇ ಇಲ್ಲವಲ್ಲ ಉಸ್ತಾದ್” ಎಂದರು. ಹೌದು, ಅವರು ಮಾಡಲಿಲ್ಲ. ಬಂದದ್ದನ್ನು ಎತ್ತಿದರು, ಅಷ್ಟೇ.

ಇದರ ಲೆಕ್ಕ ಹೀಗೆ: ನಮ್ಮ ಸಿಮ್ ಅಲ್ಲಿನ ಕಂಪೆನಿಯ ಟವರಿಗೆ ಸೇರಿಕೊಳ್ಳುತ್ತದೆ. ಆ ಕಂಪೆನಿ ನಮ್ಮ ಕಂಪೆನಿಯಿಂದ ಸಗಟು ದರ ಕೇಳುತ್ತದೆ. ನಮ್ಮ ಕಂಪೆನಿ ಅದರ ಮೇಲೆ ತನ್ನದನ್ನು ಸೇರಿಸುತ್ತದೆ. ಪ್ಯಾಕ್ ಹಾಕಿಸದಿದ್ದರೆ ಬರುವ ಕರೆಗೂ ನಿಮಿಷದ ಲೆಕ್ಕ. ಫೋನ್ ಜೇಬಿನಲ್ಲಿದ್ದರೂ ವಾಟ್ಸ್ಆ್ಯಪ್ ಫೋಟೋಗಳು ಇಳಿಯುತ್ತಾ ಡೇಟಾ ಓಡುತ್ತಿರುತ್ತದೆ. ಅದರ ಮೇಲೆ ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆಗೆ ನಿರ್ಬಂಧ ಇದೆ. ಮೆಸೇಜ್ ಹೋಗುತ್ತದೆ, ಮಾತು ಹೋಗುವುದಿಲ್ಲ. ಇದು ಗೊತ್ತಿಲ್ಲದ ನಮ್ಮ ಹಿರಿಯರು ಸಾಮಾನ್ಯ ಕರೆಗೇ ಕೈ ಹಾಕುತ್ತಾರೆ.

ಇದು ದೂರದ ಬೆಲೆ ಅಲ್ಲ, ಒಪ್ಪಂದದ ಬೆಲೆ. ಯುರೋಪಿಯನ್ ಒಕ್ಕೂಟ 2017ರ ಜೂನ್ 15ರಿಂದ ಸದಸ್ಯ ದೇಶಗಳ ನಡುವೆ ರೋಮಿಂಗ್‌ನ ಹೆಚ್ಚುವರಿ ಶುಲ್ಕ ತೆಗೆಯಿತು. ಗಲ್ಫ್ ಸಹಕಾರ ಮಂಡಳಿಯ ದೇಶಗಳೂ 2016ರಲ್ಲಿ ತಮ್ಮೊಳಗಿನ ದರ ಇಳಿಸಿದವು. ನಮ್ಮ ಟ್ರಾಯ್ 2020ರ ಮೇಯಲ್ಲಿ ವಿದೇಶಿ ರೋಮಿಂಗ್ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿತ್ತು. ಭಾರತ–ಯುಎಇ ಆರ್ಥಿಕ ಪಾಲುದಾರಿಕೆ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಸರಕಿನ ಸುಂಕ ಇಳಿಸಲು ಎರಡು ಸರ್ಕಾರಗಳು ಕೂತು ಮಾತಾಡಬಹುದಾದರೆ, ತಾಯಿ–ಮಗನ ಮಾತಿನ ದರ ಇಳಿಸಲು ಯಾಕಾಗದು? ನಮ್ಮ ಸಂಸದರ ಮುಂದೆ, ಅನಿವಾಸಿ ಸಂಘಟನೆಗಳ ಸಭೆಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆ ಇದು.

ಅಲ್ಲಿಯವರೆಗೆ ಮನೆಯಲ್ಲೇ ಆಗಬೇಕಾದ ಕೆಲಸ ಇದೆ. ಉಮ್ರಾಕ್ಕೋ ಮಕ್ಕಳ ಮನೆಗೋ ಹೊರಡುವ ಹಿರಿಯರ ಫೋನನ್ನು ಪೆಟ್ಟಿಗೆ ಕಟ್ಟುವ ದಿನವೇ ನೋಡಿ. ಡೇಟಾ ರೋಮಿಂಗ್ ಆಫ್ ಮಾಡಿ. ವಿಮಾನದಲ್ಲಿ ಏರೋಪ್ಲೇನ್ ಮೋಡ್ ಹಾಕಲು ಕಲಿಸಿ. ಕೆಲವು ವಿಮಾನಗಳೊಳಗೂ ದುಬಾರಿ ನೆಟ್‌ವರ್ಕ್ ಇರುತ್ತದೆ. ಬ್ಯಾಂಕಿನ ಒಟಿಪಿಗೆ ಊರಿನ ಸಿಮ್ ಬೇಕೇ ಬೇಕು. ಮೆಸೇಜ್ ಬರುತ್ತದೆಯೇ, ಅದಕ್ಕೆ ಶುಲ್ಕ ಉಂಟೇ ಎಂದು ಕಂಪೆನಿಯಲ್ಲಿ ಮೊದಲೇ ಕೇಳಿ. ಹೆಚ್ಚು ದಿನ ಇರುವವರಿಗೆ ಅಲ್ಲಿನ ಸಿಮ್ ತೆಗೆಸಿ. ಸೌದಿಯಲ್ಲಿ ಅದಕ್ಕೆ ಬೆರಳಚ್ಚು ಕೊಡಬೇಕು, ಪಾಸ್‌ಪೋರ್ಟ್ ಕೈಯಲ್ಲಿರಲಿ.

ಊರಲ್ಲಿ ಉಳಿದವರಿಗೂ ಒಂದು ಮಾತು. ಅವರ ಊರಿನ ನಂಬರಿಗೆ ಕರೆ ಮಾಡುವ ಮುಂಚೆ ನೆನಪಿರಲಿ: ನಮಗೆ ಪುಕ್ಕಟೆಯಾದ ಕರೆಯ ದುಡ್ಡು ಅಲ್ಲಿ ಅವರ ಲೆಕ್ಕಕ್ಕೆ ಬೀಳುತ್ತದೆ.