ಕಟ್ಟೀಮನಿಯವರಿಗೆ ಹಾರ, ಕಾದಂಬರಿಗೆ ಬೀಗ



ನಮ್ಮ ಸಮಾಜಕ್ಕೊಂದು ಹಳೆಯ ಚಟವಿದೆ. ಬದುಕಿದ್ದಾಗ ಯಾರ ಮಾತು ಕಿವಿಗೆ ಕಹಿಯಾಗಿತ್ತೋ, ಅವರು ತೀರಿಕೊಂಡ ಮೇಲೆ ಅವರ ಭಾವಚಿತ್ರ ಮಾಡಿಸಿ ಹಾರ ಹಾಕುತ್ತೇವೆ. ಬಸವರಾಜ ಕಟ್ಟೀಮನಿಯವರಿಗೂ ಹೀಗೇ ಮಾಡಿದ್ದೇವೆ. "ಗಡಿನಾಡಿನ ಹೆಮ್ಮೆಯ ಕಾದಂಬರಿಕಾರ, ನಮ್ಮವರು" ಎಂದು ವೇದಿಕೆಯ ಮೇಲೆ ಗಂಟಲು ಬಿರಿಯುವಂತೆ ಮಾತಾಡುವವರನ್ನು ಒಂದೇ ಪ್ರಶ್ನೆ ಕೇಳಿ ನೋಡಿರಿ: ‘ಜರತಾರಿ ಜಗದ್ಗುರು’ ಓದಿದ್ದೀರಾ? ಹತ್ತರಲ್ಲಿ ಎಂಟು ಮಂದಿ ಮಾತು ಬದಲಿಸುತ್ತಾರೆ. ಉಳಿದಿಬ್ಬರು "ಅದೊಂದು ಬರೀಬಾರದಿತ್ತು ನೋಡ್ರಿ" ಎನ್ನುತ್ತಾರೆ.

ಅದನ್ನು ಬರೆದದ್ದೇ ಅವರು ಈ ಸಮಾಜಕ್ಕೆ ಮಾಡಿದ ದೊಡ್ಡ ಸೇವೆ ಎಂಬುದು ನನ್ನ ವಾದ.

ಮೊದಲು ಅವರು ಯಾರೆಂಬುದನ್ನು ನೆನೆಯೋಣ. ಕಟ್ಟೀಮನಿಯವರು 1919ರ ಅಕ್ಟೋಬರ್ 5ರಂದು ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ ಹುಟ್ಟಿದರು. ಆ ಸೀಮೆಗೆ ಕುಂದರನಾಡು ಎಂದು ಹೆಸರು. ತಮ್ಮ ಆತ್ಮಕಥೆಯನ್ನು ಅವರು ‘ಕುಂದರನಾಡಿನ ಕಂದ’ ಎಂದೇ ಕರೆದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಆ ಚಳವಳಿಯ ಕಥೆಯೇ ‘ಮಾಡಿ ಮಡಿದವರು’ ಕಾದಂಬರಿಯಾಯಿತು. ಹೊಟ್ಟೆಪಾಡು ಪತ್ರಿಕೆಗಳದ್ದು. ‘ಸಂಯುಕ್ತ ಕರ್ನಾಟಕ’, ‘ತರುಣ ಕರ್ನಾಟಕ’ಗಳಲ್ಲಿ ದುಡಿದರು, ‘ಉಷಾ’ ಪತ್ರಿಕೆಯ ಸಂಪಾದಕರಾದರು. ಅ.ನ.ಕೃ., ತ.ರಾ.ಸು., ನಿರಂಜನರ ಪ್ರಗತಿಶೀಲ ಚಳವಳಿಗೆ ಉತ್ತರ ಕರ್ನಾಟಕದ ಮಣ್ಣಿನ ದನಿಯಾಗಿ ನಿಂತರು. ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ವಿಧಾನ ಪರಿಷತ್ತಿನ ಸದಸ್ಯರಾದರು. 1980ರಲ್ಲಿ ಬೆಳಗಾವಿಯಲ್ಲೇ ನಡೆದ 52ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1989ರಲ್ಲಿ ತೀರಿಕೊಂಡರು.

ಇದಿಷ್ಟನ್ನೂ ನಮ್ಮ ಭಾಷಣಕಾರರು ಬಾಯಿಪಾಠ ಒಪ್ಪಿಸುತ್ತಾರೆ. ಬಿಟ್ಟುಬಿಡುವುದು ಎರಡು ಪುಸ್ತಕಗಳನ್ನು. ‘ಮೋಹದ ಬಲೆಯಲ್ಲಿ’ ಕಾವಿಯೊಳಗಿನ ಮನುಷ್ಯನ ತೊಳಲಾಟವನ್ನು ಕಂಡರೆ, ‘ಜರತಾರಿ ಜಗದ್ಗುರು’ ಮಠದೊಳಗಿನ ವೈಭವ, ಕಪಟಗಳನ್ನು ಹೆಸರಿನಲ್ಲೇ ಬಯಲಿಗಿಟ್ಟಿತು. ಜಗದ್ಗುರುವಿಗೆ ಜರತಾರಿ ಏಕೆ? ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವನಿಗೆ ದೇವರ ಮುಂದೆ ನಡುವಣ ದಳ್ಳಾಳಿ ಬೇಡ ಎಂದು 12ನೆಯ ಶತಮಾನದಲ್ಲೇ ತೀರ್ಮಾನವಾದ ಸಮಾಜದಲ್ಲಿ ಸಿಂಹಾಸನ, ಕಿರೀಟ, ಛತ್ರಚಾಮರಗಳು ಮರಳಿ ಬಂದದ್ದು ಹೇಗೆ? ಕಟ್ಟೀಮನಿಯವರು ಕೇಳಿದ್ದು ಇಷ್ಟೇ. ಇದನ್ನು ಕೇಳಲು ಅವರು ಹೊರಗಿನ ಯಾವ ಸಿದ್ಧಾಂತವನ್ನೂ ಸಾಲ ತರಬೇಕಾಗಿರಲಿಲ್ಲ. ವೇಷಕ್ಕೂ ನಡೆಗೂ ಇರುವ ಅಂತರವನ್ನು ಶರಣರಷ್ಟು ನಿಷ್ಠುರವಾಗಿ ಜಾಡಿಸಿದವರು ಯಾರಿದ್ದಾರೆ?

ಅವರ ಮೇಲಿನ ಆಕ್ಷೇಪಣೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: "ಮಠಗಳಿಲ್ಲದಿದ್ದರೆ ನಮ್ಮ ಹುಡುಗರು ಓದುತ್ತಿದ್ದರೇನು? ಉಂಡ ಮನೆಗೆ ಎರಡು ಬಗೆಯಬಹುದೇ?" ಮಾತಿನ ಮೊದಲರ್ಧ ಪೂರ್ತಿ ನಿಜ. ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯದಂಥವು ಇಲ್ಲದಿದ್ದರೆ ಬೆಳಗಾವಿ ಸೀಮೆಯ ಎಷ್ಟೋ ಬಡವರ ಮಕ್ಕಳು ಎಮ್ಮೆ ಕಾಯುತ್ತಲೇ ಉಳಿಯುತ್ತಿದ್ದರು. ಆದರೆ ದಾಸೋಹವೆಂದರೆ ಸಾಲವಲ್ಲ, ಉಂಡವನು ಬಾಯಿ ಮುಚ್ಚಿಕೊಂಡು ಅದನ್ನು ತೀರಿಸುವುದಕ್ಕೆ. ಅನ್ನ ಹಾಕಿದ್ದಕ್ಕೆ ಪ್ರತಿಯಾಗಿ ಮೌನ ಕೇಳಿದರೆ ಅದು ದಾಸೋಹವಾಗಿ ಉಳಿಯುವುದಿಲ್ಲ, ವ್ಯಾಪಾರವಾಗುತ್ತದೆ. ಪ್ರಸಾದ ನಿಲಯ ಕಟ್ಟಿದ ಪೂಜ್ಯರಿಗೂ ಅಂಥ ವ್ಯಾಪಾರಕ್ಕೂ ಸಂಬಂಧವಿಲ್ಲ.

ಎರಡನೆಯದು: "ಮನೆಯ ಮಾತು ಬೀದಿಗೆ ತರಬಾರದು, ವೈರಿಗಳಿಗೆ ಅಸ್ತ್ರ ಕೊಟ್ಟಂತಾಗುತ್ತದೆ." ನಾನು ಸರ್ಕಾರದ ಎಂಜಿನಿಯರಾಗಿ ದುಡಿದು ನಿವೃತ್ತನಾದವನು, ನನಗೆ ತಿಳಿದ ಭಾಷೆಯಲ್ಲೇ ಹೇಳುತ್ತೇನೆ. ಮಣ್ಣಿನ ಅಣೆಕಟ್ಟೆ ಸ್ವಲ್ಪ ಸೋರಿಯೇ ಸೋರುತ್ತದೆ. ಸೋರುವ ನೀರನ್ನು ಅಳೆದು ವಹಿಯಲ್ಲಿ ಬರೆದಿಡುವುದು ಅಲ್ಲಿಯ ನಿತ್ಯದ ಕೆಲಸ. ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕೆಂಪಗೆ, ರಾಡಿಯಾಗಿ ಬರತೊಡಗಿದರೆ ಕಟ್ಟೆಯ ಹೊಟ್ಟೆಯೊಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ. ರಾಡಿ ಕಂಡು ವರದಿ ಮಾಡಿದವನನ್ನು ಕಟ್ಟೆಯ ವೈರಿ ಎಂದು ಯಾರೂ ಕರೆಯುವುದಿಲ್ಲ. ಕಂಡೂ ಬರೆಯದೆ ಬಿಟ್ಟವನನ್ನು ಅಮಾನತು ಮಾಡುತ್ತಾರೆ. ಕಟ್ಟೀಮನಿಯವರು ರಾಡಿ ನೀರು ಕಂಡರು, ಬರೆದರು. ಇತ್ತೀಚಿನ ವರ್ಷಗಳಲ್ಲಿ ಮಠಾಧೀಶರ ಹೆಸರು ನ್ಯಾಯಾಲಯದ ದಾಖಲೆಗಳಲ್ಲಿ ಕಾಣುವಂತಾಗಿದೆ. ಆ ಪ್ರಕರಣಗಳ ತೀರ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ನನ್ನ ಪ್ರಶ್ನೆ ಬೇರೆ: ಕಾದಂಬರಿಕಾರನ ಎಚ್ಚರಿಕೆ ಇಷ್ಟು ವರ್ಷ ನಮ್ಮ ಕೈಯಲ್ಲಿತ್ತಲ್ಲ, ನಾವೇನು ಮಾಡಿದೆವು?

ಮೂರನೆಯದು: "ಅವರ ಬರವಣಿಗೆ ಅವಸರದ್ದು, ಪತ್ರಿಕಾ ಶೈಲಿಯದ್ದು." ಇರಬಹುದು. ಲೇಖನಿಯನ್ನೇ ನಂಬಿ ಸಂಸಾರ ನಡೆಸಿದವರು, ಹತ್ತಾರು ಕಾದಂಬರಿ ಬರೆದವರು. ಎಲ್ಲವೂ ಒಂದೇ ತೂಕದವು ಎಂದು ನಾನು ಹೇಳುವುದಿಲ್ಲ. ಆದರೆ ಸಂಪಾದಕನ ಕುರ್ಚಿಯಲ್ಲಿ ಕುಳಿತವನಿಗೆ ಸುದ್ದಿಯನ್ನು ನಾಳೆಗೆ ಮುಂದೂಡುವ ಸವಲತ್ತಿಲ್ಲ. ರೈತ, ಕೂಲಿ, ಮೋಸಹೋದ ಹೆಣ್ಣುಮಗಳು, ಕಾಣಿಕೆ ಕೊಟ್ಟು ಕೈಮುಗಿದು ಹೋಗುವ ಭಕ್ತ, ಇವರ ಸಂಕಟ ಅವರಿಗೆ ಇಂದಿನ ಸುದ್ದಿಯಾಗಿತ್ತು. ಆ ಅವಸರ ನನಗೆ ದೋಷವಾಗಿ ಕಾಣುವುದಿಲ್ಲ.

ಕಟ್ಟೀಮನಿಯವರು ತೀರಿಕೊಂಡ 1989ರಲ್ಲೇ ಇನ್ನೊಂದು ಘಟನೆ ನಡೆಯಿತು. ‘ಮಾರ್ಗ’ದಲ್ಲಿಯ ಬರಹಗಳಿಗಾಗಿ ಎಂ.ಎಂ. ಕಲಬುರ್ಗಿಯವರ ಮೇಲೆ ಒತ್ತಡ ಹೇರಿ, ತಮ್ಮ ಸಂಶೋಧನೆಯ ಮಾತನ್ನು ಹಿಂತೆಗೆದುಕೊಳ್ಳುವಂತೆ ಮಾಡಲಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಅವರು ಗುಂಡಿಗೆ ಬಲಿಯಾದರು. ಆ ಕೊಲೆಗೂ ಅಂದಿನ ಒತ್ತಡಕ್ಕೂ ನಾನು ಗಂಟು ಹಾಕುತ್ತಿಲ್ಲ. ಆದರೆ ಇಂದು ಅವರ ಭಾವಚಿತ್ರ ಹಿಡಿದು ಮೆರವಣಿಗೆ ಹೋಗುವ ಸಮಾಜವೇ ಅಂದು ಅವರ ಬಾಯಿ ಕಟ್ಟಿತ್ತು ಎಂಬುದನ್ನು ಮರೆಯಬಾರದು. ಕಾದಂಬರಿಕಾರನಿಗೆ ಒಂದು ನ್ಯಾಯ, ಸಂಶೋಧಕನಿಗೆ ಒಂದು ನ್ಯಾಯ ಎಂದೇನೂ ಇರಲಿಲ್ಲ. ಇಬ್ಬರಿಗೂ ನಾವು ಮೊದಲು ಕೊಟ್ಟದ್ದು ಬೈಗುಳ, ಆಮೇಲೆ ಹಾರ.

ಹಾಗಾದರೆ ಕಟ್ಟೀಮನಿಯವರಿಗೆ ಉತ್ತರ ಕೊಟ್ಟವರೇ ಇಲ್ಲವೇ? ಇದ್ದಾರೆ. ಅವರು ಮಠದೊಳಗಿನವರೇ. ಗದುಗಿನ ತೋಂಟದ ಸಿದ್ಧಲಿಂಗ ಶ್ರೀಗಳು ತಮ್ಮ ಅಡ್ಡಪಲ್ಲಕ್ಕಿಯನ್ನು ನಿಲ್ಲಿಸಿದರು. ಇಳಕಲ್ಲಿನ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಬೀದಿಬೀದಿ ತಿರುಗಿ ಹಣ ಬೇಡಲಿಲ್ಲ, ಜನರ ದುಶ್ಚಟಗಳನ್ನು ಬೇಡಿದರು. ‘ಜರತಾರಿ ಜಗದ್ಗುರು’ವಿಗೆ ನಿಷೇಧದ ಕೂಗಿಗಿಂತ ದೊಡ್ಡ ಉತ್ತರ ಈ ಜೋಳಿಗೆ. ಇಂಥ ಪೂಜ್ಯರ ಮಠದಲ್ಲಿ ಆ ಕಾದಂಬರಿಯನ್ನು ಗಟ್ಟಿಯಾಗಿ ಓದಿದರೂ ಯಾರೂ ಬೆವರಬೇಕಾಗಿಲ್ಲ.

ಬೆವರುವವರಿಗೆ ನನ್ನ ಬೇಡಿಕೆ ಮೂರು. ಒಂದು, ಪ್ರತಿ ಮಠದ ಗ್ರಂಥಾಲಯದಲ್ಲಿ ವಚನ ಸಂಪುಟಗಳ ಪಕ್ಕದಲ್ಲಿ ಕಟ್ಟೀಮನಿಯವರ ಈ ಎರಡೂ ಪುಸ್ತಕಗಳಿರಲಿ, ಬೀಗವಿಲ್ಲದ ಕಪಾಟಿನಲ್ಲಿ. ಮರಿಗಳಾಗಿ ಮಠಕ್ಕೆ ಬರುವ ಎಳೆಯ ಹುಡುಗರು ಅವನ್ನು ಓದಲೇಬೇಕು, ಮುಂದೆ ಪೀಠದಲ್ಲಿ ಕೂಡುವವರು ಅವರೇ. ಎರಡು, ಭಕ್ತರ ಕಾಣಿಕೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ಜಾತ್ರೆಯ ವೇದಿಕೆಯಲ್ಲೇ ಓದಿ ಹೇಳಲಿ. ಒಂದು ಸಣ್ಣ ನಾಲೆಯ ರಿಪೇರಿಗೂ ಅಳತೆ ಪುಸ್ತಕ ಬರೆದು, ಮೇಲಿನವರ ಸಹಿ ಪಡೆದು, ಆಡಿಟ್‌ಗೆ ಉತ್ತರ ಹೇಳಬೇಕು. ಭಕ್ತನ ಬೆವರಿನ ಹಣಕ್ಕೆ ಅಷ್ಟೂ ಬೇಡವೇ? ಮೂರು, ಉಳಿದಿರುವ ಪಲ್ಲಕ್ಕಿಗಳು ಕೆಳಗಿಳಿಯಲಿ. ಮನುಷ್ಯನ ಹೆಗಲ ಮೇಲೆ ಮನುಷ್ಯ ಕೂಡುವುದಕ್ಕೆ ಬಸವತತ್ವದಲ್ಲಿ ಎಲ್ಲಿಯೂ ಜಾಗವಿಲ್ಲ.

2018ರಲ್ಲಿ ರಾಜ್ಯ ಸರ್ಕಾರ ಲಿಂಗಾಯತ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿದಾಗ ನಾವೆಲ್ಲ ಬೀದಿಯಲ್ಲಿದ್ದೆವು. ನಮ್ಮದು ಮೇಲುಕೀಳಿಲ್ಲದ ಧರ್ಮ, ಪುರೋಹಿತನಿಲ್ಲದ ಧರ್ಮ ಎಂದು ಲೋಕಕ್ಕೆ ಸಾರಿದೆವು. ಆ ಮಾತು ದೆಹಲಿಗೆ ಕಳಿಸುವ ಅರ್ಜಿಯಲ್ಲಿ ಮಾತ್ರ ಇದ್ದರೆ ಸಾಲದು, ನಮ್ಮ ಮಠದ ಅಂಗಳದಲ್ಲೂ ಕಾಣಬೇಕು.

ಆಡಿಟ್ ಆಕ್ಷೇಪಣೆಯನ್ನು ಆಡಿಟರಿಗೆ ಶಾಲು ಹೊದಿಸಿ ಮುಗಿಸಲು ಬರುವುದಿಲ್ಲ, ಉತ್ತರ ಬರೆಯಬೇಕಾಗುತ್ತದೆ. ಕಟ್ಟೀಮನಿಯವರ ಆಕ್ಷೇಪಣೆಗೆ ಬಹುಪಾಲು ಮಠಗಳ ಉತ್ತರ ಇನ್ನೂ ಬಾಕಿಯಿದೆ. ಅಕ್ಟೋಬರ್ ತಿಂಗಳಲ್ಲಿ ಅವರ ಜಯಂತಿ ಮಾಡುವವರು ಈ ಸಲ ಹಾರದ ಖರ್ಚು ಉಳಿಸಿ, ಆ ಹಣದಲ್ಲಿ ಪುಸ್ತಕ ಕೊಂಡು ತಮ್ಮೂರ ಮಠಕ್ಕೆ ಒಯ್ದು ಕೊಡಲಿ. ಪೂಜ್ಯರು ಅದನ್ನು ಎರಡೂ ಕೈಯಿಂದ ಪಡೆಯುತ್ತಾರೋ, ಬದಿಗೆ ಸರಿಸುತ್ತಾರೋ, ಊರ ಭಕ್ತರು ನಿಂತು ನೋಡಲಿ.